ಮೂರು ಫೂಟಿನ ಪಾಯದ ಅಂದಾಜು ಬರೆದ ಯಜ್ಞೇಶ್ವರರಾಯರಿಗೆ

ಗೋಕುಲ ರಸ್ತೆ, ಹುಬ್ಬಳ್ಳಿ
ಆಗಸ್ಟ್ 1940, ರವಿವಾರ

ಸೇತುವೆ, ಮೋರಿ ಮತ್ತು ಸರಕಾರಿ ಬಂಗಲೆಗಳ ನಿರ್ಮಾಪಕರೂ, ಅಣೆ ಪೈಗಳ ಪಾಲಕರೂ, ನಿವೃತ್ತ ಓವರಸಿಯರರೂ ಆದ ಶ್ರೀ ಯಜ್ಞೇಶ್ವರರಾಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಪೆನ್ಶನ್ನು, ತಮ್ಮ ಕೊಡೆ ಮತ್ತು ತಮ್ಮ ಐವತ್ತು ಫೂಟಿನ ಅಳತೆಪಟ್ಟಿ ಇವೆಲ್ಲ ಕ್ಷೇಮವಾಗಿವೆಯೆಂದು ನಾನು ವಿಚಾರಿಸಬೇಕಾಗಿಲ್ಲ. ನಲವತ್ತೆರಡು ದಿನಗಳಿಂದ ಅವೆಲ್ಲವೂ ನನ್ನ ಪಡಸಾಲೆಯಲ್ಲೇ ಇವೆ. ಒಂದೇ ಸೂರಿನ ಕೆಳಗಿರುವ ಇಬ್ಬರಲ್ಲಿ ಒಬ್ಬನು ಇನ್ನೊಬ್ಬನಿಗೆ ಊರ ವಾರಪತ್ರಿಕೆಯ ಮೂಲಕ ಕಾಗದ ಬರೆಯುವುದು ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಬಾಯಿಮಾತನ್ನು ತಾವು ದಾಖಲೆಯೆಂದು ಒಪ್ಪುವವರಲ್ಲ. ನಾನು ಏನು ಹೇಳಹೋದರೂ "ಮಾಸ್ತರ, ಬರವಣಿಗಿಯೊಳಗ ಕೊಡ್ರಿ, ವಿಚಾರ ಮಾಡೋಣು" ಎನ್ನುತ್ತೀರಿ. ಬರೆದುಕೊಟ್ಟ ಚೀಟಿಗಳನ್ನು ಮಡಿಚಿ ಕನ್ನಡಕದ ಡಬ್ಬಿಯೊಳಗೆ ಇಡುತ್ತೀರಿ. ಅಲ್ಲಿಗೆ ವಿಚಾರವೂ ಮುಗಿಯುತ್ತದೆ. ಗುರುವಾರದ ಪತ್ರಿಕೆಯನ್ನು ಮಾತ್ರ ತಿಥಿಯಿಂದ ಮುದ್ರಕರ ಹೆಸರಿನವರೆಗೆ ಒಂದಕ್ಷರ ಬಿಡದೆ ಓದುತ್ತೀರಾದ್ದರಿಂದ, ತಮ್ಮನ್ನು ತಲುಪಲು ನನಗೆ ಉಳಿದ ದಾರಿ ಇದೊಂದೇ. ಸಂಪಾದಕರು ದೊಡ್ಡ ಮನಸ್ಸು ಮಾಡಿ ಸ್ಥಳ ಕೊಟ್ಟಿದ್ದಾರೆ.

ನನ್ನ ದೂರು ಏನೆಂಬುದನ್ನು ಮೊದಲಿನಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಮನೆ ಕಟ್ಟಲು ಹೊರಟದ್ದು ಹುರುಪಿನಿಂದಲ್ಲ. ದುರ್ಗದಬೈಲಿನ ಹತ್ತಿರದ ಓಣಿಯೊಂದರಲ್ಲಿ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ನಾನೂ ನನ್ನ ಹೆಂಡತಿ ಈರವ್ವಳೂ ಹತ್ತೊಂಬತ್ತು ವರುಷ ಇದ್ದೆವು. ಮನೆಯ ಮಾಲಕರಿಗೆ ಅರಳೆಯ ವ್ಯಾಪಾರ. ಎರಡು ವರುಷದ ಹಿಂದೆ ದೀಪಾವಳಿಯ ಫರಾಳ ಕೊಡಲು ಬಂದವರು, ಉಂಡೆಯ ಜೊತೆಗೇ ಇನ್ನೊಂದು ಸುದ್ದಿಯನ್ನೂ ಕೊಟ್ಟರು: ಅರಳೆಯ ಅಂಡಿಗೆಗಳನ್ನು ಇಡಲು ಜಾಗ ಸಾಲದು, ಜೂನಿನ ಮಿರಗದ ಮಳೆಯೊಳಗೆ ಮನೆ ಬಿಡಬೇಕು. ಕನ್ನಡ ಶಾಲೆಯ ಮಾಸ್ತರನಾದ ನನಗೆ ತಿಂಗಳಿಗೆ ನಲವತ್ತೆರಡು ರೂಪಾಯಿ ಸಂಬಳ; ಪೋಸ್ಟಿನಲ್ಲಿ ಕೂಡಿಟ್ಟದ್ದು ಸಾವಿರದ ಒಂಬೈನೂರ ಅರವತ್ತೆರಡು. ಅದರ ಹಿಂದಿನ ವರುಷ ರೈತ ಫಕೀರಪ್ಪನು ಗೋಕುಲ ರಸ್ತೆಯ ಬದಿಗೆ ತನ್ನ ಎರೆಹೊಲದ ಒಂದು ಪಟ್ಟಿಯನ್ನು ಮಾರಿದಾಗ ನಾನೊಂದು ತುಂಡು ಕೊಂಡಿದ್ದೆ, ಪಕ್ಕದ ತುಂಡನ್ನು ತಾವು ಕೊಂಡಿದ್ದಿರಿ. ಹೀಗೆ ಮನೆಗಳು ಹುಟ್ಟುವ ಮೊದಲೇ ನಾವು ನೆರೆಯವರಾದೆವು.

ಮೂವತ್ತೊಂದು ವರುಷ ಸರಕಾರದ ಕಲ್ಲು ಸುಣ್ಣ ಅಳೆದ ಮಹನೀಯರು ಪಕ್ಕದಲ್ಲೇ ಇರುವಾಗ ಅಂದಾಜು ಬರೆಸಲು ನಾನು ಬೇರೆ ಯಾರಲ್ಲಿಗೆ ಹೋಗಲಿ? ತಾವು ಎಲೆ ಅಡಿಕೆಯ ಹೊರತು ಏನನ್ನೂ ತೆಗೆದುಕೊಳ್ಳದೆ, ಹನ್ನೆರಡು ದಿನ ಕೂತು, ಏಳು ಹಾಳೆಗಳ ಎಸ್ಟಿಮೇಟು ಬರೆದುಕೊಟ್ಟಿರಿ. ಅದರ ಅಂದವನ್ನು ನಾನು ಇಂದಿಗೂ ಮರೆತಿಲ್ಲ. ಪ್ರತಿ ಹಾಳೆಯ ಕೆಳಗೆ ಕೆಂಪು ಮಸಿಯ ಎರಡು ಗೆರೆಗಳು. ಮೊಳೆಗಳು ತೂಕದಲ್ಲಿ, ಹೆಂಚುಗಳು ಸಂಖ್ಯೆಯಲ್ಲಿ, ಒಡೆಯಬಹುದಾದ ಹೆಂಚುಗಳು ಬೇರೆ ಸಂಖ್ಯೆಯಲ್ಲಿ, ಗೃಹಪ್ರವೇಶದ ತೆಂಗಿನಕಾಯಿ ಐದು. ಒಟ್ಟು ಮೊತ್ತ ಸಾವಿರದ ಒಂಬೈನೂರ ನಲವತ್ತೇಳು ರೂಪಾಯಿ ಹತ್ತಾಣೆ ಆರು ಪೈ. ಈರವ್ವಳು ಬಾಗಿಲ ಮರೆಯಿಂದ "ರಾಯರ, ಆ ಆರು ಪೈ ಯಾತಕ್ಕರಿ?" ಎಂದು ಕೇಳಿದಾಗ, ತಾವು ತುಸುವೂ ತಡವರಿಸದೆ "ಸುತಳಿಗೆ" ಎಂದಿರಿ. ಗೆರೆ ಹಿಡಿಯುವ ಸುತಳಿಯನ್ನೂ ಮರೆಯದ ಮನುಷ್ಯರ ಮುಂದೆ ನಾನು ಕೈಮುಗಿದು ಕೂತುಬಿಟ್ಟೆ.

ಖರ್ಚು ಕೈಮೀರದಂತೆ ನೋಡಿಕೊಳ್ಳುವ ಗುಟ್ಟನ್ನೂ ತಾವು ಅಂದೇ ಉಪದೇಶಿಸಿದಿರಿ. "ಮಾಸ್ತರ, ಒಂದ ಮಾತು ನೆನಪಿಡ್ರಿ. ಗೌಂಡಿಗೆ ಅಗಿಯೋದಂದ್ರ ಕೂಲಿ. ಅವಾ ಇನ್ನಷ್ಟು ಆಳ ಬೇಕು ಅಂತಾನ. ನೀವು ಸಡ್ಲ ಬಿಡಬ್ಯಾಡ್ರಿ. ಎಸ್ಟಿಮೇಟಿನ್ಯಾಗ ಮೂರು ಫೂಟು ಅದ, ಮೂರು ಫೂಟು ಅಂದ್ರ ಮೂರು ಫೂಟು." ಆ ಮಾತನ್ನು ನಾನು ಎಷ್ಟು ಶ್ರದ್ಧೆಯಿಂದ ಪಾಲಿಸಿದೆನೆಂದರೆ, ಅದರಿಂದಲೇ ನನ್ನ ಮೊದಲ ಕಷ್ಟ ಆರಂಭವಾಯಿತು.

ನನ್ನ ಮನೆ ಕಟ್ಟುವ ಗೌಂಡಿ ಹಳೇ ಹುಬ್ಬಳ್ಳಿಯ ಮಲ್ಲಿಕಸಾಬರು. ಐವತ್ತೈದರ ವಯಸ್ಸು, ಅಕ್ಷರ ಬಾರದು, ಮಾತು ಕಡಿಮೆ. ಕಳೆದ ವರುಷ ಮಾಘದಲ್ಲಿ ಪಾಯ ತೋಡಲು ನಿಂತರು. ಮೂರು ಫೂಟು ಆಯಿತು, ಕರೀ ಮಣ್ಣು. ನಾಲ್ಕು ಫೂಟು ಆಯಿತು, ಅದೇ ಕರೀ ಮಣ್ಣು. ನಾನು ಶಾಲೆ ಬಿಟ್ಟು ಸೈಕಲ್ಲಿನ ಮೇಲೆ ಬಂದು ನೋಡುತ್ತೇನೆ, ಕೂಲಿಯವರ ತಲೆ ಹೆಗಲು ಮಾತ್ರ ಕಾಣುತ್ತಿವೆ. ಜೇಬಿನಿಂದ ಎಸ್ಟಿಮೇಟು ತೆಗೆದು, ಮೂರನೆಯ ಹಾಳೆಯನ್ನು ಮಲ್ಲಿಕಸಾಬರ ಮೂಗಿನ ಮುಂದೆ ಹಿಡಿದೆ.

"ಮಾಸ್ತರ್ರ, ಇದು ಎರಿ ಐತ್ರಿ" ಎಂದರು ಅವರು. "ಮಳ್ಯಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರೀತೈತಿ. ತಳದ ಗಟ್ಟಿ ಗರಸು ಹತ್ತೂತನಕ ಹೋಗಬೇಕ್ರಿ."

"ಗರಸು ಎಲ್ಲೈತಿ?"

"ಅದು ಅಗದ ಮ್ಯಾಲೆ ಗೊತ್ತಾಕ್ಕೈತ್ರಿ."

ಏಳು ಹಾಳೆಯ ಎಸ್ಟಿಮೇಟು ಕೈಯಲ್ಲಿದ್ದವನಿಗೆ ಇಂಥ ಉತ್ತರ ಸಹನವಾದೀತೇ? ತಮ್ಮ ಉಪದೇಶ ನನ್ನ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಹನ್ನೊಂದು ಮಂದಿ ಕೂಲಿಯವರು ನೋಡುತ್ತಿರುವಾಗ ನಾನು ಅಂದುಬಿಟ್ಟೆ: "ಮಣ್ಣಿನ ಹೆಸರಿಲೆ ನನ್ನ ರೊಕ್ಕಾ ಅಗ್ಯಾಕತ್ತೀರಿ. ಇದು ಕಳವಲ್ಲದ ಮತ್ತೇನು?"

ಮಲ್ಲಿಕಸಾಬರು ಕರಣೆಯನ್ನು ಒರೆಸಿ ಚೀಲದಲ್ಲಿಟ್ಟು, ಚೀಲವನ್ನು ಹೆಗಲಿಗೆ ಹಾಕಿಕೊಂಡು, ಊರ ಕಡೆ ನಡೆದರು. ಪಕ್ಕದ ನಿವೇಶನದಲ್ಲಿ ತಮ್ಮ ಪಾಯವನ್ನು ಬರಾಬರಿ ಮೂರು ಫೂಟಿಗೆ ನಿಲ್ಲಿಸಿ, ಧಾರವಾಡದಿಂದ ತಂದ ಗುತ್ತಿಗೆದಾರನಿಂದ ಕಲ್ಲು ಇಡಿಸುತ್ತಿದ್ದ ತಾವು ಬಂದು ನನ್ನ ಬೆನ್ನು ತಟ್ಟಿ, "ಶಾಬಾಸ್ ಮಾಸ್ತರ, ಹಿಂಗ ಬಿಗಿ ಇರಬೇಕು" ಎಂದಿರಿ. ಆ ಶಾಬಾಸಿಗಾಗಿ ನಾನು ಇಂದಿಗೂ ಕೃತಜ್ಞ. ಜೀವಮಾನದಲ್ಲಿ ನನಗೆ ಸಿಕ್ಕ ಶಾಬಾಸುಗಳಲ್ಲಿ ಅಷ್ಟು ತಪ್ಪು ವೇಳೆಗೆ ಬಂದದ್ದು ಇನ್ನೊಂದಿಲ್ಲ.

ಮುಂದೆ ನಾಲ್ಕು ದಿನ ಕೆಲಸ ನಿಂತಿತು. ಬೇರೆ ಇಬ್ಬರು ಗೌಂಡಿಗಳು ಬಂದು ನೋಡಿ, ಮೂರು ಫೂಟಿಗೆ ಸಂತೋಷದಿಂದ ಒಪ್ಪಿದರು. ನಾನು ಒಂದು ಫೂಟು ಅಂದಿದ್ದರೂ ಅಷ್ಟೇ ಸಂತೋಷದಿಂದ ಒಪ್ಪುತ್ತಿದ್ದರೆಂದು ಅವರ ಮುಖ ಹೇಳುತ್ತಿತ್ತು. ಅವರಲ್ಲಿ ಒಬ್ಬನಿಗೆ ಮುಂಗಡ ಕೊಡಲು ನಾನು ತಯಾರಾದ ದಿನ, ಊಟಕ್ಕೆ ಕೂತಾಗ, ಈರವ್ವಳು ನನ್ನ ತಾಟಿನ ಪಕ್ಕದಲ್ಲಿ ಇನ್ನೊಂದು ತಾಟು ಇಟ್ಟಳು. ಅದರಲ್ಲಿ ಒಂದು ಕರೀ ರೊಟ್ಟಿ. ಆಕೆ ನಮ್ಮ ಪಾಯದ ಮಣ್ಣನ್ನು ಸೆರಗಿನಲ್ಲಿ ತಂದು, ನೀರು ಹಾಕಿ ನಾದಿ, ರೊಟ್ಟಿಯಂತೆ ತಟ್ಟಿ, ಕಿಡಕಿಯ ಬಿಸಿಲಿಗೆ ಎರಡು ದಿನ ಇಟ್ಟಿದ್ದಳಂತೆ. ಆ ರೊಟ್ಟಿ ನಟ್ಟನಡುವೆ ಬಿರಿದು ಏಳು ತುಂಡಾಗಿತ್ತು. ಒಂದೊಂದು ಬಿರುಕಿನಲ್ಲಿ ನನ್ನ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು.

"ಇದರ ಮ್ಯಾಲ ನಾ ಮಲಗಬೇಕೇನ್ರಿ?" ಎಂದಳು. ನಾನು ಮುಂಗಡದ ಹಣವನ್ನು ತಿರುಗಿ ಪೆಟ್ಟಿಗೆಯಲ್ಲಿಟ್ಟು, ಜೋಡು ಮೆಟ್ಟಿಕೊಂಡು ಹಳೇ ಹುಬ್ಬಳ್ಳಿಗೆ ಹೊರಟೆ.

ಮಲ್ಲಿಕಸಾಬರು ತಮ್ಮ ಅಡಿಗೆಮನೆಯ ಒಲೆಗೆ ಮಣ್ಣು ಮೆತ್ತುತ್ತ ಕೂತಿದ್ದರು. ಅವರ ಹೆಂಡತಿ ದಾವಲಬಿ ನನ್ನನ್ನು ಕಂಡು, "ಬರ್ರಿ ಮಾಸ್ತರ್ರ, ಕುಂಡ್ರ್ರಿ" ಎಂದು ಚಾಪೆ ಹಾಸಿದರು. ಮಲ್ಲಿಕಸಾಬರು ತಲೆಯೆತ್ತಲಿಲ್ಲ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಪೀಠಿಕೆಯೆಲ್ಲ ಮರೆತು, "ತಪ್ಪಾತು, ಮಲ್ಲಿಕಸಾಬರ" ಎಂದಷ್ಟೇ ಅಂದೆ.

"ಲೆಕ್ಕಾ ಕೇಳ್ರಿ, ನೂರು ಸಲ ಕೇಳ್ರಿ" ಎಂದರು ಅವರು, ಒಲೆಯನ್ನು ಸವರುತ್ತಲೇ. "ರೊಕ್ಕಾ ನಿಮ್ದೈತಿ, ಕೇಳಬೇಕು. ಆದ್ರ ಹನ್ನೊಂದು ಮಂದಿ ಮುಂದ ಕಳವು ಅಂದ್ರಿ. ನಾಳೆ ನಾ ಯಾರ ಮನಿ ಪಾಯಾ ತೋಡ್ಲಿ?"

"ಅದಕ್ಕ ಬಂದೇನಿ. ತಪ್ಪಾತು ಅಂದೆನಲ್ಲ."

ಆಗ ದಾವಲಬಿ ಬಾಗಿಲ ಹತ್ತಿರದಿಂದ ಹೇಳಿದರು: "ಇಲ್ಲಿ ನನಗ ಒಬ್ಬಾಕಿಗೆ ಕೇಳಿಸ್ತ್ರಿ ಮಾಸ್ತರ್ರ. ನನಗ ಕೇಳಿದ್ರ ಏನಾತು? ಅಲ್ಲಿ ಹೇಳ್ರಿ."

ಇಪ್ಪತ್ತೇಳು ವರುಷ ಮಕ್ಕಳನ್ನು ವರ್ಗದ ಮುಂದೆ ನಿಲ್ಲಿಸಿ ತಪ್ಪು ಒಪ್ಪಿಸಿದವನು ನಾನು. ಅದು ಎಷ್ಟು ಕಠಿಣವೆಂಬುದು ಮರುದಿನ ಬೆಳಿಗ್ಗೆ ಆ ತಗ್ಗಿನ ದಂಡೆಯ ಮೇಲೆ ನಿಂತಾಗ ಗೊತ್ತಾಯಿತು. ಹನ್ನೊಂದು ಮಂದಿಯೂ ಬುಟ್ಟಿ ಗುದ್ದಲಿ ಬಿಟ್ಟು ನೋಡುತ್ತಿದ್ದರು. ತಾವೂ ತಮ್ಮ ನಿವೇಶನದಿಂದ ಕೊಡೆಯೂರಿಕೊಂಡು ನೋಡುತ್ತಿದ್ದಿರಿ. "ಅವತ್ತ ಮಲ್ಲಿಕಸಾಬರಿಗೆ ನಾ ಅಂದದ್ದು ಸುಳ್ಳು ಮಾತು. ಅವರು ಹೇಳಿದ್ದು ಖರೇ ಐತಿ. ನನ್ನ ತಪ್ಪಾಗೈತಿ" ಎಂದೆ. ಮಲ್ಲಿಕಸಾಬರು "ಆತು" ಎಂದು ಒಂದು ಮಾತಿನಲ್ಲಿ ಮುಗಿಸಿ, "ಹಾರಿ ಕೊಡ್ರೋ ಇಲ್ಲೆ" ಎಂದು ತಗ್ಗಿಗೆ ಇಳಿದರು. ಆರು ಫೂಟು ನಾಲ್ಕು ಇಂಚಿಗೆ ಹಾರೆ ಖಣ್ಣೆಂದಿತು. ತಗ್ಗಿನೊಳಗಿಂದ ಅವರ ಕೂಗು ಬಂತು: "ಬಂತ್ರಿ ಗರಸು!"

ಆ ಗರಸಿನ ಬೆಲೆ ನಾನೂರ ಹದಿನೆಂಟು ರೂಪಾಯಿ. ತಮ್ಮ ಎಸ್ಟಿಮೇಟಿನ ಕೆಂಪು ಗೆರೆಗಳು ಅಂದೇ ಕೊಚ್ಚಿಹೋದವು. ಆಮೇಲೆ ಖರ್ಚಿಗೆ ಕಡಿವಾಣ ಹಾಕಿದವರು, ತಾವು ಊಹಿಸದ ಮನುಷ್ಯರು. ಮಲ್ಲಿಕಸಾಬರು ಬಾಗಿಲ ಮೇಲಿನ ಕಮಾನನ್ನು ಬೇಡವೆಂದರು. ಸಾಗವಾನಿಯ ಬದಲು ಮತ್ತಿಯ ತೊಲೆಗಳನ್ನು ತರಿಸಿದರು. ಕೆಡವಿದ ಹಳೆಯ ವಾಡೆಯೊಂದರಿಂದ ನಾಲ್ಕು ಬಾಗಿಲುಗಳನ್ನು ಅರ್ಧ ಬೆಲೆಗೆ ಕೊಡಿಸಿದರು. ನಾನು ಸೈಕಲ್ಲನ್ನು ಮೂವತ್ತೊಂದು ರೂಪಾಯಿಗೆ ಮಾರಿ, ಶಾಲೆಗೆ ನಡೆದು ಹೋಗುವುದನ್ನು ಕಲಿತೆ. ಇಷ್ಟಾದರೂ ಎರಡನೆಯ ಕೋಣೆಗೆ ಹೆಂಚು ಹಾಕಲು ಹಣ ಉಳಿಯಲಿಲ್ಲ. "ಗ್ವಾಡಿ ನಿಂತಾವು, ಅವೆಲ್ಲಿ ಓಡಿ ಹೊಕ್ಕಾವು? ದೀಪಾವಳಿಗೆ ಹೊಚ್ಚೂಣು" ಎಂದಳು ಈರವ್ವ. ಮಿರಗದ ಮೊದಲ ಹನಿ ಬೀಳುವ ಮುನ್ನ, ಒಂದು ಪಡಸಾಲೆ, ಒಂದು ಕೋಲಿ, ಒಂದು ಅಡಿಗೆಮನೆ ಮತ್ತು ಆಕಾಶವೇ ಮಾಡಾದ ಇನ್ನೊಂದು ಕೋಲಿಗೆ ನಾವು ಒಕ್ಕಲಾದೆವು.

ಅದೇ ವಾರ ತಮ್ಮ ಗೃಹಪ್ರವೇಶ. ಸಾಗವಾನಿಯ ತೊಲೆ, ಮಂಗಳೂರ ಹೆಂಚು, ಕಮಾನಿನ ಬಾಗಿಲು, ಮತ್ತು ಎಸ್ಟಿಮೇಟಿನಲ್ಲಿ ಮೂರು ರೂಪಾಯಿ ಎರಡಾಣೆ ಉಳಿತಾಯ! ಹೋಳಿಗೆ ಬಡಿಸುವಾಗ ತಾವು ಆ ಉಳಿತಾಯದ ಸುದ್ದಿಯನ್ನು ಪ್ರತಿ ಪಂಕ್ತಿಗೂ ಹೇಳಿದಿರಿ. ಮನೆಗೆ ಬಂದು ನನ್ನ ಮಾಡಿಲ್ಲದ ಕೋಲಿಯಲ್ಲಿ ನಿಂತು ಮೋಡ ನೋಡಿದೆ. ಹೊಟ್ಟೆಕಿಚ್ಚಾಯಿತು, ಮಾನ್ಯರೇ, ಬಹಿರಂಗ ಪತ್ರವಾದ್ದರಿಂದ ಬಹಿರಂಗವಾಗಿಯೇ ಒಪ್ಪಿಕೊಳ್ಳುತ್ತೇನೆ. ದೀಪಾವಳಿ ಬರುವ ಹೊತ್ತಿಗೆ ವಿಲಾಯತಿಯ ಕಡೆ ಲಡಾಯಿ ಹತ್ತಿತು. ಹೆಂಚಿನ ದರ ಏರಿತು, ಮೊಳೆಯ ದರ ಇಮ್ಮಡಿಯಾಯಿತು, ನನ್ನ ಕೋಲಿ ಬಯಲಲ್ಲೇ ಉಳಿಯಿತು.

ಈ ಬೇಸಿಗೆಯಲ್ಲಿ ತಮ್ಮ ಮೂಡಣ ಗೋಡೆಯ ಮೇಲೆ ಕೂದಲೆಳೆಯಷ್ಟು ಬಿರುಕು ಕಾಣಿಸಿತು. "ಗಚ್ಚು ಆರೋವಾಗ ಹಿಂಗ ಆಗತದ" ಎಂದಿರಿ. ಚೈತ್ರದಲ್ಲಿ ಅದರೊಳಗೆ ಹಲ್ಲಿ ಸಂಸಾರ ಹೂಡಿತು. ವೈಶಾಖದಲ್ಲಿ ನನ್ನ ಕೈಯೇ ಒಳಗೆ ಹೋಯಿತು. ತಾವು ಅದಕ್ಕೆ ಸುಣ್ಣ ತುಂಬಿ, ಮೇಲೆ ಒಂದು ಕ್ಯಾಲೆಂಡರು ತೂಗುಹಾಕಿ, ಕ್ಯಾಲೆಂಡರಿನ ಖರ್ಚನ್ನು ದುರಸ್ತಿಯ ಲೆಕ್ಕದಲ್ಲಿ ಬರೆದುಕೊಂಡಿರಿ.

ಆಷಾಢದ ಆ ರವಿವಾರ ಎಂಟು ದಿನದ ಮಳೆ ಸುರಿದು, ಬೆಳಿಗ್ಗೆ ತುಸು ತೆರಪು ಕೊಟ್ಟಿತ್ತು. ಗೋಕುಲದ ಕಡೆ ಯಾವುದೋ ಕೆಲಸಕ್ಕೆ ಹೊರಟಿದ್ದ ಮಲ್ಲಿಕಸಾಬರು ತಮ್ಮ ಆ ಬಿರುಕಿನ ಮನೆಯ ಮುಂದೆ ಗಕ್ಕನೆ ನಿಂತು, ಗೋಡೆಯನ್ನು ಒಮ್ಮೆ ನೋಡಿ, ನನ್ನನ್ನು ಕೂಗಿ ಕರೆದು, ತಮ್ಮ ಬಾಗಿಲು ಬಡಿದರು.

"ರಾಯರ, ಹೊರಗ ಬರ್ರಿ ಲಗೂನ. ಮಾತು ಹೊರಗ ಆಡೂಣ್ರಿ."

"ಗೋಡಿ ಎರಡಿಂಚು ವಾಲಿದ್ರ ಅಪಾಯ ಇಲ್ಲಂತ ಪುಸ್ತಕದಾಗ ಅದ" ಎಂದಿರಿ ತಾವು, ಮಂಚದ ಮೇಲಿಂದ ಕದಲದೆ.

"ಪುಸ್ತಕಾನೂ ತೊಗೊಂಡ ಬರ್ರಿ. ಹೊರಗ ಓದೂಣು."

ತಾವು ಏಳಲಿಲ್ಲ. ಒಂದು ರಟ್ಟೆಯನ್ನು ಅವರು, ಒಂದನ್ನು ನಾನು ಹಿಡಿದು, ಅರುವತ್ತೆರಡು ವರುಷದ ನಿವೃತ್ತ ಅಧಿಕಾರಿಗಳನ್ನು ಹೊಸ್ತಿಲು ದಾಟಿಸಿದ್ದು ಸಭ್ಯತೆಗೆ ಒಪ್ಪುವಂಥದಲ್ಲ, ಕ್ಷಮೆ ಇರಲಿ. ಕೊಡೆ, ಅಳತೆಪಟ್ಟಿ, ಕಾಗದದ ಕಟ್ಟು, ಇವಿಷ್ಟನ್ನು ತಾವು ಎದೆಗವಚಿಕೊಂಡಿದ್ದಿರಿ. ತಾಸು ಕಳೆದಿತ್ತೋ ಇಲ್ಲವೋ, ಯಾರೋ ದಣಿದು ಕೂತಂತೆ ಮೂಡಣ ಗೋಡೆ ಕೂತಿತು. ಕಲ್ಲೆಲ್ಲ ಒಳಕ್ಕೇ ಬಿತ್ತು, ಮಂಚದ ಮೇಲೆಯೇ ಬಿತ್ತು. ತಾವು ಮತ್ತೆ ಹತ್ತಿದ ಮಳೆಯಲ್ಲಿ ಕೊಡೆ ಬಿಚ್ಚುವುದನ್ನೂ ಮರೆತು ನಿಂತಿದ್ದಿರಿ. "ಮೂರು ಫೂಟು" ಎಂದಿರಿ. ನನ್ನ ಹತ್ತಿರ ಹೇಳಲು ಸಾಕಷ್ಟು ಮಾತುಗಳಿದ್ದವು, ವರುಷಾನುಗಟ್ಟಲೆ ಕೂಡಿಟ್ಟವು. ತಮ್ಮ ಮುಖ ನೋಡಿದ ಮೇಲೆ, ತಮ್ಮ ಕೈಯ ಕೊಡೆ ತೆಗೆದುಕೊಂಡು ಬಿಚ್ಚಿ ಹಿಡಿದೆ. ಈರವ್ವಳು ಒಣ ಪಂಚೆ ತಂದುಕೊಟ್ಟಳು.

ಇನ್ನು ನನ್ನ ಮುಖ್ಯ ದೂರಿಗೆ ಬರುತ್ತೇನೆ.

ನನ್ನ ಪಡಸಾಲೆಗೆ ಬಂದ ಮೇಲೆ ತಾವು ಎರಡು ವಾರ ಸ್ಟೋವಿನ ಮೇಲೆ ಕೈಯಡಿಗೆ ಮಾಡಿಕೊಂಡಿರಿ. ಮಡಿಯ ಸಲುವಾಗಿ ನಮ್ಮ ಮನೆಯ ನೀರನ್ನೂ ಮುಟ್ಟದೆ ಬಾವಿಗೆ ತಾವೇ ಹೋಗುತ್ತಿದ್ದಿರಿ. ಆಮೇಲೆ ಸ್ಟೋವಿನ ಘಾಸಲೇಟು ಎಣ್ಣೆ ಸಿಗದಾಯಿತು. ಎರಡು ದಿನ ಚುರುಮುರಿ ತಿಂದು ಕಳೆದಿರಿ. ಮೂರನೆಯ ದಿನ ಈರವ್ವಳು ತಾಟು ತಂದು ಮುಂದಿಟ್ಟು, "ರಾಯರ, ನಿಮ್ಮ ಮಡಿ ನಿಮಗಿರಲಿ. ರೊಟ್ಟಿ ಬಿಸಿ ಐತಿ" ಎಂದಳು. ತಾವು ರೊಟ್ಟಿಯನ್ನು ನೋಡಿದಿರಿ, ಝುಣಕವನ್ನು ನೋಡಿದಿರಿ, ಕಣ್ಣು ಮುಚ್ಚಿ ಏನೋ ಅಂದುಕೊಂಡು, ಉಂಡಿರಿ. ಮೂರನೆಯ ರೊಟ್ಟಿಗೆ "ಇನ್ನರ್ಧ ಸಾಕು" ಎಂದು ಹೇಳಿ ಪೂರ್ತಿ ತಿಂದಿರಿ. ಅಂದಿನಿಂದ ತಾವು ನಮ್ಮವರಾದಿರೆಂದು ನಾವು ತಿಳಿದೆವು. ಅದೇ ನಮ್ಮ ತಪ್ಪಾಯಿತು.

ಯಾಕೆಂದರೆ, ಉಂಡ ಮರುದಿನವೇ ತಾವು ನಮ್ಮ ಸಂಸಾರದ ಎಸ್ಟಿಮೇಟು ಬರೆಯಲು ಕೂತಿರಿ. ದಿನಕ್ಕೆ ಎರಡೂವರೆ ಸೇರು ಕಟ್ಟಿಗೆ ಉರಿಯುತ್ತದೆ, ಒಲೆ ಸರಿಯಾಗಿ ಹಚ್ಚಿದರೆ ಒಂದೂ ಮುಕ್ಕಾಲು ಸೇರಿಗೆ ಮುಗಿಯಬೇಕು ಎಂದು ಅಡಿಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿರಿ. ಈರವ್ವಳು ಕಟ್ಟಿಗೆಯ ಹೊರೆಯನ್ನು ತಮ್ಮ ಕಾಲ ಬಳಿ ಇಟ್ಟು, "ಹಂಗಾರ ನಾಳಿಂದ ಒಲಿ ನೀವ ಹಚ್ರಿ" ಎಂದಳು. ತಾವು ಹಚ್ಚಿದಿರಿ. ಮನೆಯೆಲ್ಲ ಹೊಗೆಯಾಗಿ ನಾವು ಮೂವರೂ ಅಂಗಳದಲ್ಲಿ ನಿಂತು ಕೆಮ್ಮಿದೆವು. ಕಟ್ಟಿಗೆ ನಾಲ್ಕು ಸೇರು ಹೋಯಿತು, ಗೋಡೆಯ ಬರಹವನ್ನು ತಾವೇ ಅಳಿಸಿದಿರಿ.

ಇದನ್ನಾದರೂ ಸಹಿಸಬಹುದಿತ್ತು. ಮೂರು ವಾರಗಳ ಹಿಂದೆ ಮಲ್ಲಿಕಸಾಬರು ಬಂದು, ಬಿದ್ದ ಮನೆಯಲ್ಲಿ ಇನ್ನೂ ನೆಟ್ಟಗಿದ್ದ ಭಾಗವನ್ನು ನೋಡಿ, ಎಷ್ಟು ಸುಲಭದ ಮಾತು ಹೇಳಿದರು! "ರಾಯರ, ಹೆಂಚು ನಿಮ್ದು, ತೊಲಿ ನಿಮ್ದು. ಗ್ವಾಡಿ ಮಾಸ್ತರ್ರದು, ಪಾಯಾ ಗಟ್ಟಿ ಐತಿ. ಎರಡೂ ಮಳ್ಯಾಗ ತೋಯ್ಯಾಕತ್ತಾವು. ಕೂಡಿಸಿದ್ರ ಒಂದ ಛಲೋ ಕೋಲಿ ಆಕ್ಕೈತಿ. ನೀವ ಇರ್ರಿ ಅದರಾಗ."

ಇದಕ್ಕೆ ತಾವು ಕೇಳಿದ್ದು "ಯಾರ ಹೆಸರಿನ್ಯಾಗ?" ಎಂದು. ಅಂದಿನಿಂದ ಹನ್ನೆರಡು ಹಾಳೆಗಳಾದವು. ತಾವು ಬಾಡಿಗೆದಾರರೋ, ಪಾಲುದಾರರೋ, ಹೆಂಚು ಮಾರಿದ ವ್ಯಾಪಾರಿಗಳೋ, ಅತಿಥಿಗಳೋ. ಒಂದು ವರುಷ ಮಳೆ ತಿಂದ ಹೆಂಚಿನ ಬೆಲೆಯಲ್ಲಿ ಎಷ್ಟು ಕಡಿತ. ಇಷ್ಟು ದಿನದ ಊಟಕ್ಕೆ ಎಷ್ಟು ವಜಾ. ಇತ್ತ ಲೆಕ್ಕ ಬೆಳೆಯುತ್ತಿದ್ದಂತೆ ಅತ್ತ ದಿನಕ್ಕೆ ಹತ್ತು ಹೆಂಚು ಒಡೆಯುತ್ತಿವೆ. ಕೊನೆಗೆ ಮೊನ್ನೆ ಶುಕ್ರವಾರ ತಾವು ಪಟ್ಟಿಯನ್ನು ಮಡಿಚಿ, "ಮಾಸ್ತರ, ಈ ಲೆಕ್ಕ ಹೊಂದೂದಿಲ್ಲ. ಹಂಗಿನ್ಯಾಗ ಇರೂದು ನನಗ ಆಗೂದಿಲ್ಲ. ಧಾರವಾಡದಾಗ ಒಂದು ಖೋಲಿ ನೋಡೇನಿ" ಎಂದಿರಿ. ಹೆಂಡತಿ ತೀರಿ ಒಂಬತ್ತು ವರುಷವಾದ, ಮಕ್ಕಳಿಲ್ಲದ ಮನುಷ್ಯರು ಗುರುತುಪರಿಚಯವಿಲ್ಲದ ಓಣಿಯಲ್ಲಿ ಚುರುಮುರಿ ತಿನ್ನಲು ಹೋಗುತ್ತಾರೆಂದು ಈರವ್ವಳು ಅಂದು ಊಟ ಬಿಟ್ಟಳು. ಇದು ತಮ್ಮ ಪಟ್ಟಿಯಲ್ಲಿ ಬಂದಿರಲಾರದು.

ಆದ್ದರಿಂದ ನನ್ನ ವಿನಂತಿಗಳು. ಎರೆಮಣ್ಣು ಇನ್ನು ಮುಂದೆ ಮೂರು ಫೂಟು ಮೀರತಕ್ಕದ್ದಲ್ಲವೆಂದು ತಮ್ಮ ಹಳೆಯ ಖಾತೆಯಿಂದ ಒಂದು ಹುಕುಮು ಹೊರಡಿಸಬೇಕು. ಎಸ್ಟಿಮೇಟಿನಲ್ಲಿ ಇಲ್ಲದ ಲಡಾಯಿಯನ್ನು ನಡೆಸುತ್ತಿರುವ ದೊರೆಗಳಿಗೆ ಹೆಂಚಿನ ದರದ ವ್ಯತ್ಯಾಸವನ್ನು ತುಂಬಿಕೊಡುವಂತೆ ನೋಟೀಸು ಕಳಿಸಬೇಕು. ಇವೆರಡೂ ಸಾಧ್ಯವಾಗದಿದ್ದರೆ, ಹಂಗು ಯಾರದು ಎಂಬುದನ್ನಾದರೂ ಸರಿಯಾಗಿ ಲೆಕ್ಕ ಹಾಕಬೇಕು. ತಾವು ಹನ್ನೆರಡು ದಿನ ಬಿಟ್ಟಿಯಾಗಿ ಕೂತು ನನ್ನ ಮನೆಯ ಮೊಳೆ ಮೊಳೆಯನ್ನೂ ಎಣಿಸಿಕೊಟ್ಟಿರಿ. ಪಾಯದ ಹೊರತು ಉಳಿದೆಲ್ಲ ಹಾಳೆಗಳಲ್ಲಿ ತಮ್ಮ ಅಂಕೆ ಒಂದು ರೂಪಾಯಿಯೂ ಆಚೀಚೆ ಆಗಲಿಲ್ಲ. ಅಷ್ಟು ಸ್ಪಷ್ಟವಾದ ಅಂದಾಜು ಕೈಯಲ್ಲಿರದಿದ್ದರೆ, ನಾನೂರ ಹದಿನೆಂಟು ಹೆಚ್ಚಾದಾಗ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬುದೇ ನನಗೂ ಮಲ್ಲಿಕಸಾಬರಿಗೂ ತಿಳಿಯುತ್ತಿರಲಿಲ್ಲ. ಅದರ ಕೂಲಿಯನ್ನು ತಾವು ಎಲ್ಲಿಯೂ ಹಿಡಿದಿಲ್ಲ. ಲೆಕ್ಕ ಹೊಂದದಿರುವುದು ಅದಕ್ಕೇ.

ಇಷ್ಟು ಬರೆದು, ಪತ್ರಿಕೆಯವರಿಗೆಂದು ಶುದ್ಧ ಪ್ರತಿ ಮಾಡುತ್ತ ಕೂತಿದ್ದೆ. ಹೊರಗೆ ಸಪ್ಪಳವಾಯಿತು. ಕಿಡಕಿಯಿಂದ ನೋಡಿದರೆ, ಮಲ್ಲಿಕಸಾಬರು ತಮ್ಮ ಬಿದ್ದ ಮನೆಯ ಮುರುಕು ಮಾಡಿನ ಮೇಲೆ ಕೂತು ಹೆಂಚು ಬಿಚ್ಚುತ್ತಿದ್ದಾರೆ. ತಾವು ಕಚ್ಚೆ ಬಿಗಿದು ಕೆಳಗೆ ನಿಂತು ಒಂದೊಂದನ್ನೇ ಇಸಿದುಕೊಂಡು ಬೇಲಿಯಾಚೆ ದಾಟಿಸುತ್ತಿದ್ದೀರಿ. ಈಚೆ ಈರವ್ವ ತೆಗೆದುಕೊಂಡು ಸಾಲಾಗಿ ಇಡುತ್ತಿದ್ದಾಳೆ. ಬೆಳಿಗ್ಗೆ ಆಕೆ ತಮಗೆ ಏನು ಹೇಳಿದಳೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ತಾವು ದೊಡ್ಡ ಧ್ವನಿಯಲ್ಲಿ ಎಣಿಸುತ್ತಿದ್ದಿರಿ. ನೂರಾ ಹನ್ನೆರಡಕ್ಕೆ ಬಂದಾಗ ಆಕೆ, "ರಾಯರ, ನಿಮ್ಮ ಕೋಲಿಗೆ ಸುಣ್ಣಾ ಬಿಳೇದು ಹಚ್ಚೂದೋ, ನೀಲಿ ಹಾಕೂದೋ?" ಎಂದು ಕೇಳಿದಳು.

ತಾವು ಮುಂದಿನ ಹೆಂಚನ್ನು ಇಸಿದುಕೊಂಡು ಅದರ ಪಾಚಿಯನ್ನು ಅಂಗೈಯಿಂದ ಒರೆಸಿದಿರಿ. "ನೀಲಿ ಇರ್ಲೆವ್ವಾ" ಎಂದಿರಿ. ನೀಲಿಯ ದರ ಕೇಳಲಿಲ್ಲ. ಆಮೇಲೆ ಆ ಹೆಂಚನ್ನು ದಾಟಿಸುತ್ತ, "ನೂರಾ ಹದಿನಾಲ್ಕು" ಎಂದಿರಿ. ಮಾಡಿನ ಮೇಲಿದ್ದವರೂ ಬೇಲಿಯ ಈಚೆಗಿದ್ದವಳೂ ಅದನ್ನು ತಿದ್ದಲಿಲ್ಲ. ನಾನೂ ತಿದ್ದುವುದಿಲ್ಲ.

ತಮ್ಮ ಅಂದಾಜನ್ನು ಮೀರಿಯೂ ತಮ್ಮ ವಿಶ್ವಾಸಿ,
ಮಹಾಂತಯ್ಯ ಗಚ್ಚಿನಮಠ
ಕನ್ನಡ ಶಾಲೆಯ ಮಾಸ್ತರ

ತಾ. ಕ.: ಹೆಂಚುಗಳು ಬೇಲಿ ದಾಟಿದ ಮೇಲೆ ಈ ಪತ್ರದ ಅಗತ್ಯವೇ ಉಳಿಯಲಿಲ್ಲ, ನಿಜ. ಆದರೆ ಕಾಗದ ಮಸಿಗಳ ಖರ್ಚು ಆಗಿಹೋಗಿರುವುದರಿಂದ, ಅದು ವ್ಯರ್ಥವಾಗಬಾರದೆಂಬ ಮಿತವ್ಯಯದ ದೃಷ್ಟಿಯಿಂದ ಅಚ್ಚಿಗೆ ಕಳಿಸಿದ್ದೇನೆ. ಇದು ಒಂದು ಕಾಲಮ್ಮಿನಲ್ಲಿ ಮುಗಿಯುವುದೆಂದು ಸಂಪಾದಕರಿಗೆ ನಾನು ಅಂದಾಜು ಕೊಟ್ಟಿದ್ದೆ. ಮೂರೂವರೆ ಆಗಿದೆಯಂತೆ. ಅವರು ಕಾರಣ ಕೇಳಿದರು. ಅಂದಾಜು ಹಾಕುವುದನ್ನು ಯಾರಿಂದ ಕಲಿತೆನೆಂದು ಹೇಳಿದೆ. ಅವರು ಮೂರೂವರೆಯನ್ನೂ ಅಚ್ಚಿಗೆ ಕೊಟ್ಟರು.